ಬಿಳಿ ಸಕ್ಕರೆ, ಕಪ್ಪು ಬೆಲ್ಲ

ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಮನೆಗೆ ಬಂದವರ ಕೈಗೆ ಮೊದಲು ಒಂದು ಚೂರು ಬೆಲ್ಲ, ಒಂದು ಚೊಂಬು ನೀರು ಕೊಡುತ್ತಿದ್ದರು. ಬಿಸಿಲಲ್ಲಿ ನಡೆದು ಬಂದವರಿಗೆ ಅದಕ್ಕಿಂತ ದೊಡ್ಡ ಉಪಚಾರ ಬೇಕಿರಲಿಲ್ಲ. ಆಮೇಲೆ ಅದೇ ಮನೆಗಳಲ್ಲಿ ನೆಂಟರಿಗೆ ಬೆಲ್ಲದ ಕಾಫಿ ಕೊಡಲು ಸಂಕೋಚಪಡುವ ಕಾಲ ಬಂತು. ಮನೆಯವರಿಗೆ ಬೆಲ್ಲ, ಬಂದವರಿಗೆ ಸಕ್ಕರೆ. ಈಗ ಮದ್ದೂರಿನ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ಬೆಲ್ಲದ ಟೀ ಇದೆಯೇ ಎಂದು ಕೇಳುವವರನ್ನು ಕಾಣುತ್ತೇವೆ. ಕಬ್ಬು ಅದೇ, ರಸವೂ ಅದೇ. ಬದಲಾದದ್ದು ನಮ್ಮ ನಾಲಿಗೆಯೇ, ಅಥವಾ ನಾವು ಯಾರೆಂದು ನಾವೇ ಹಾಕಿಕೊಂಡ ಲೆಕ್ಕವೇ?

ಜನ ವಸ್ತುವಿನ ಉಪಯೋಗವನ್ನಷ್ಟೇ ಕೊಳ್ಳುವುದಿಲ್ಲ, ಅದು ತಮ್ಮ ಬಗ್ಗೆ ಏನು ಹೇಳುತ್ತದೆ ಎಂಬುದನ್ನೂ ಕೊಳ್ಳುತ್ತಾರೆ ಎಂದು ಅಮೆರಿಕದ ಸಿಡ್ನಿ ಲೆವಿ 1959ರಲ್ಲಿ ವಾದಿಸಿದರು. ನಮ್ಮ ದಿನಸಿ ಅಂಗಡಿಯವರಿಗೆ ಇದು ಮೊದಲೇ ಗೊತ್ತಿತ್ತೆನ್ನಿ.

ಬಿಳಿ ಸಕ್ಕರೆಯ ಘನತೆ ಅರಮನೆಯಿಂದ ಇಳಿದು ಬಂದದ್ದು. ಟಿಪ್ಪು ಸುಲ್ತಾನರು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯನ್ನು ಹಾದುಹೋದ. ಚನ್ನಪಟ್ಟಣದಲ್ಲಿ ಅತ್ಯಂತ ಬಿಳುಪಾದ ಸಕ್ಕರೆ ತಯಾರಿಸುವ ಒಂದು ಕುಟುಂಬವಿತ್ತೆಂದೂ ಆ ವಿದ್ಯೆಯನ್ನು ಅವರು ಗುಟ್ಟಾಗಿ ಇಟ್ಟುಕೊಂಡಿದ್ದರೆಂದೂ ಬರೆದಿದ್ದಾನೆ. ಆ ಸಕ್ಕರೆ ಶ್ರೀರಂಗಪಟ್ಟಣದ ಆಸ್ಥಾನಕ್ಕೆ. ಕಬ್ಬು ಬೆಳೆದ ರೈತನಿಗೆ ಬೆಲ್ಲ. ಹತ್ತೊಂಬತ್ತನೇ ಶತಮಾನದ ನಡುವೆ ಪಾಲಹಳ್ಳಿಯಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಹುಟ್ಟಿದಾಗಲೂ ಅದು ರೈತರ ಬೆಲ್ಲವನ್ನೇ ಕೊಂಡು ಶುದ್ಧಿ ಮಾಡಿ ಸಕ್ಕರೆಯಾಗಿಸುತ್ತಿತ್ತು. ಒಂದೇ ವಸ್ತು ಬಣ್ಣ ಬದಲಿಸಿಕೊಂಡು ಮೇಲಿನ ಅಂತಸ್ತಿಗೆ ಏರುತ್ತಿತ್ತು!

ಆದರೆ ಬಿಳಿಯ ಬಣ್ಣಕ್ಕೆ ಎಲ್ಲ ಕಾಲದಲ್ಲೂ ಮರ್ಯಾದೆ ಸಿಕ್ಕಿತೆನ್ನುವಂತಿಲ್ಲ. 1905ರ ಸ್ವದೇಶಿ ಚಳವಳಿಯಲ್ಲಿ ಬಂಗಾಳದವರು ವಿಲಾಯತಿ ಬಟ್ಟೆಯ ಜೊತೆ ವಿದೇಶಿ ಸಕ್ಕರೆಯನ್ನೂ ಬಿಟ್ಟರು. ಸಕ್ಕರೆಯನ್ನು ಬಿಳುಪು ಮಾಡಲು ಪ್ರಾಣಿಗಳ ಮೂಳೆಯ ಇದ್ದಿಲು ಬಳಸುತ್ತಾರೆಂಬ ಮಾತು ಹಿಂದೂ ಮುಸ್ಲಿಮರಿಬ್ಬರನ್ನೂ ಕಾಡಿತು. ಅದು ಬರೀ ಗಾಳಿಮಾತೂ ಆಗಿರಲಿಲ್ಲ, ಯುರೋಪಿನ ಕಾರ್ಖಾನೆಗಳಲ್ಲಿ ಆ ಪದ್ಧತಿ ಇತ್ತು. ಅಗ್ಗವಾದರೂ ಬೇಡ, ಅದು ನಮ್ಮದಲ್ಲ ಎಂದು ಕೊಳ್ಳುವವನು ತಲೆಯಾಡಿಸಿದ.

'ನಮ್ಮದು' ಎನ್ನಬಹುದಾದ ಸಕ್ಕರೆ ಮಂಡ್ಯಕ್ಕೆ ಬಂದದ್ದು 1930ರ ದಶಕದಲ್ಲಿ. ಕನ್ನಂಬಾಡಿಯ ನೀರು ಇರ್ವಿನ್ ನಾಲೆಯಲ್ಲಿ ಹರಿಯಿತು. 1932ರಲ್ಲಿ ದೇಶದ ಸಕ್ಕರೆ ಉದ್ಯಮಕ್ಕೆ ರಕ್ಷಣೆ ಕೊಡುವ ಕಾಯ್ದೆ ಬಂತು, ಜಾವಾದ ಸಕ್ಕರೆಗೆ ತಡೆ ಬಿತ್ತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಕಾರ್ಖಾನೆಗಾಗಿ ಟೊಂಕ ಕಟ್ಟಿ ನಿಂತವರು ಕೃಷಿ ಇಲಾಖೆಯ ನಿರ್ದೇಶಕ, ಕೆನಡಾದ ಲೆಸ್ಲಿ ಕೋಲ್ಮನ್. ಸರ್ಕಾರದ ಜೊತೆ ಕಬ್ಬು ಬೆಳೆಗಾರರೂ ಷೇರುದಾರರಾದರು. ರಾಗಿ, ಹುರುಳಿ ಬೆಳೆಯುತ್ತಿದ್ದವನು ಕಬ್ಬಿನ ರೈತನಾದ, ಊರು 'ಸಕ್ಕರೆ ನಾಡು' ಎನಿಸಿತು. ತಾನೇ ಪಾಲುದಾರನಾದ ಕಾರ್ಖಾನೆಯ ಸಕ್ಕರೆಯನ್ನು ನೆಂಟರ ಮುಂದಿಡುವುದರಲ್ಲಿ ಬರೀ ಒಣ ಪ್ರತಿಷ್ಠೆ ಇತ್ತೆಂದು ನಾವು ಹೇಳಲಾರೆವು. ಅದರಲ್ಲಿ ಬದುಕು ಸುಧಾರಿಸಿದ ಹೆಮ್ಮೆಯೂ ಇತ್ತು.

ಹಬ್ಬಗಳ ವಿಷಯಕ್ಕೆ ಬಂದರೆ ಲೆಕ್ಕ ಬೇರೆ. ಈದ್‌ನ ಶೀರ್ ಖುರ್ಮಾಕ್ಕೆ ಸಕ್ಕರೆ ಬೇಕು, ಯುಗಾದಿಯ ಬೇವಿಗೆ ಬೆಲ್ಲ ಬೇಕು, ಸಂಕ್ರಾಂತಿಯ ತಟ್ಟೆಗೆ ಎಳ್ಳುಬೆಲ್ಲದ ಪಕ್ಕದಲ್ಲಿ ಸಕ್ಕರೆ ಅಚ್ಚೂ ಬೇಕು. ಆ ತಟ್ಟೆ ಸಾಬರ ಮನೆಗೂ ಬರುತ್ತದೆ, ಖುರ್ಮಾದ ಬಟ್ಟಲು ಗೌಡರ ಮನೆಗೂ ಹೋಗುತ್ತದೆ. ಎರಡೂ ಮನೆಯ ಚೀಟಿ ಹೋಗುವುದು ಒಂದೇ ಅಂಗಡಿಗೆ.

ಕೊಳ್ಳುವವನ ಈ ಮನಸ್ಸಿನ ಭಾರ ಬೀಳುವುದು ಆಲೆಮನೆಯ ಮೇಲೆ. ಮಂಡ್ಯದ ಮಾರುಕಟ್ಟೆಗೆ ಅಚ್ಚು, ಬಕೆಟ್, ಕುರಿಕಾಟು ಎಂದು ಬಗೆಬಗೆಯ ಬೆಲ್ಲ ಬರುತ್ತದೆ. ಗಿರಾಕಿಗಳು ಸಕ್ಕರೆಯ ಬಿಳುಪಿಗೆ ಮರುಳಾದ ಮೇಲೆ ಬೆಲ್ಲವೂ ಹೊಂಬಣ್ಣಕ್ಕೆ ತಿರುಗಬೇಕಾಯಿತು. ಹಿಂದೆ ಕೊಪ್ಪರಿಗೆಯ ಕಸ ತೆಗೆಯಲು ಬೆಂಡೆಗಿಡದ ಲೋಳೆ, ಸುಣ್ಣ ಸಾಕಾಗುತ್ತಿತ್ತು. ಆ ಜಾಗಕ್ಕೆ ಹೈಡ್ರೋಸ್ ಎಂಬ ರಾಸಾಯನಿಕ ಬಂತು. ಕೆಲವೆಡೆ ಸಕ್ಕರೆಯನ್ನೇ ಬೆರೆಸಿದರು. ಕಲಬೆರಕೆ ಮಾಡಿದವರ ತಪ್ಪು ಸಣ್ಣದಲ್ಲ. ಆದರೆ ಕಪ್ಪು ಬೆಲ್ಲ ಮುಂದಿಟ್ಟಾಗ ಮುಖ ಸಿಂಡರಿಸಿದವರು ನಾವೇ ಅಲ್ಲವೇ?

ಈಗ ಗಾಳಿ ತಿರುಗಿದೆ. ಪಟ್ಟಣದಲ್ಲಿ ಓದಿದವರು, ಆರೋಗ್ಯದ ಚಿಂತೆಯವರು, ಹಳ್ಳಿ ಬಿಟ್ಟು ಬಂದ ಹಳಹಳಿಕೆಯವರು ಕಪ್ಪು ಬೆಲ್ಲವನ್ನೇ ಹುಡುಕುತ್ತಾರೆ, 'ಸಾವಯವ' ಎಂಬ ಚೀಟಿಯಿದ್ದರೆ ಸಕ್ಕರೆಗಿಂತ ಹೆಚ್ಚು ಬೆಲೆಯನ್ನೂ ಕೊಡುತ್ತಾರೆ. ಕಪ್ಪಾದ ಮಾತ್ರಕ್ಕೆ ಅದು ಶುದ್ಧವಲ್ಲ. ಕಬ್ಬು ಕೆಟ್ಟಿದ್ದರೂ ಪಾಕ ಹೆಚ್ಚಾದರೂ ಬೆಲ್ಲ ಕಪ್ಪಾಗುತ್ತದೆ. ಇದಕ್ಕಿಂತ ಅಪಾಯದ ಮಾತೆಂದರೆ, ಸಕ್ಕರೆ ಕಾಯಿಲೆಯವರು ಬೆಲ್ಲವಾದರೆ ತೊಂದರೆಯಿಲ್ಲ ಎಂದುಕೊಂಡು ತಿನ್ನುವುದು. ಬೆಲ್ಲದಲ್ಲಿಯೂ ಬಹುಪಾಲು ಇರುವುದು ಸಕ್ಕರೆಯ ಅಂಶವೇ. ಅಜ್ಜನ ಕಾಲದ ಬೆಲ್ಲ ತಿನ್ನುವವರು ಅಜ್ಜನಂತೆ ಗುದ್ದಲಿ ಹಿಡಿಯುವವರಲ್ಲ.

ಇತ್ತ ಮಂಡ್ಯದ ಕಾರ್ಖಾನೆ ಕೆಲವು ವರ್ಷ ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ಅದು ನಿಂತಿದ್ದಾಗ ರೈತರಿಗೆ ಉಳಿದದ್ದು ದೂರದ ಖಾಸಗಿ ಕಾರ್ಖಾನೆ, ಇಲ್ಲವೇ ಹತ್ತಿರದ ಆಲೆಮನೆ. ನಾಲೆಯ ಕೊನೆಭಾಗದ ಮಳವಳ್ಳಿಯವನಿಗೆ ನೀರೂ ತಡ. ಒಣಗುತ್ತಿರುವ ಕಬ್ಬು ಕಟಾವಿನ ಅಪ್ಪಣೆಗೆ ಕಾಯುವುದಿಲ್ಲ, ಆಲೆಮನೆಯವನು ಹೇಳಿದ ಬೆಲೆಗೆ ಅವನು ಗಾಡಿ ಹೊಡೆಯಬೇಕು. ಬೆಂಗಳೂರಿನ ಅಂಗಡಿಯಲ್ಲಿ ಗಿರಾಕಿ ಕಪ್ಪು ಬಣ್ಣಕ್ಕೆಂದು ಹೆಚ್ಚಿಗೆ ಕೊಡುವ ಹಣದಲ್ಲಿ ಆ ಗಾಡಿಯವನ ಪಾಲೆಷ್ಟು ಎಂಬುದನ್ನು ಬೆಲ್ಲದ ಪೊಟ್ಟಣದ ಮೇಲೆ ಯಾರೂ ಅಚ್ಚು ಹಾಕಿಸುವುದಿಲ್ಲ.