ಊರ ಹೆಸರು ಊರಾಚೆ

ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಯಗಟಿಯಲ್ಲಿ ಇರುವಷ್ಟು ದಿನ ಯಾರೂ ‘ಯಗಟಿಯವರು’ ಅಲ್ಲ. ಊರೊಳಗಿನ ಗುರುತಿಗೆ ಬೇರೆ ಮಾತುಗಳಿರುತ್ತವೆ: ಮೇಲಿನ ಮನೆ, ಅಂಗಡಿ ಮನೆ, ಅಪ್ಪನ ಹೆಸರು, ಅಜ್ಜನ ಕಸುಬು. ಊರಿನ ಹೆಸರು ಮನುಷ್ಯನಿಗೆ ಅಂಟುವುದು ಅವನು ಕಡೂರಿನ ಬಸ್ಸು ಹತ್ತಿದ ಮೇಲೆ. ಕಡೂರಿನಲ್ಲಿ ‘ಯಾವೂರಾಯ್ತು?’ ಎಂದರೆ ‘ಯಗಟಿ’. ಬೆಂಗಳೂರಿನಲ್ಲಿ ಅದೇ ಪ್ರಶ್ನೆಗೆ ‘ಕಡೂರು’. ದಿಲ್ಲಿಯ ರೈಲಿನಲ್ಲಿ ಕೇಳಿದರೆ ‘ಬೆಂಗಳೂರು ಕಡೆ’. ದೂರ ಹೋದಷ್ಟೂ ಹೇಳುವ ಊರು ದೊಡ್ಡದಾಗುತ್ತದೆ, ಯಗಟಿ ಅದರೊಳಗೆ ಸೇರಿಹೋಗುತ್ತದೆ. ಯಗಟಿ ಹೋಬಳಿ ಕೇಂದ್ರವೂ ಹೌದು. ಹಾಗಾಗಿ ಪಹಣಿಯಲ್ಲಿ ಅದು ಗ್ರಾಮದ ಹೆಸರಾಗಿಯೂ ಬರುತ್ತದೆ, ಹೋಬಳಿಯ ಹೆಸರಾಗಿಯೂ ಬರುತ್ತದೆ. ಊರಿಗೆ ಎಂದೂ ಕಾಲಿಡದ ರೈತನ ಜಮೀನಿನ ಕಾಗದದ ಮೇಲೂ ಯಗಟಿ ಇರುತ್ತದೆ.

ಊರ ಹೆಸರಿಗೆ ನಿಜವಾದ ಬಾಳು ಸಿಗುವುದು ಊರಿನ ಹೊರಗೆ ಎಂದು ನನಗೆ ಅನ್ನಿಸುವುದು ಇದರಿಂದಲೇ. ಈ ಮಾತು ಎಲ್ಲಕ್ಕಿಂತ ಹೆಚ್ಚು ಒಪ್ಪುವುದು ಹೆಣ್ಣುಮಕ್ಕಳ ವಿಷಯದಲ್ಲಿ. ಯಗಟಿಯಲ್ಲಿ ಹುಟ್ಟಿ ಬೀರೂರಿಗೆ ಮದುವೆಯಾಗಿ ಹೋದವಳನ್ನು ಬೀರೂರಿನ ಮನೆಯಲ್ಲಿ ‘ಯಗಟಿಯವಳು’ ಎನ್ನುತ್ತಾರೆ. ಅವಳು ತವರಿಗೆ ಬಂದರೆ ಅಣ್ಣನ ಮಕ್ಕಳಿಗೆ ‘ಬೀರೂರು ಅತ್ತೆ’. ಅವಳ ಮಗಳ ಮಕ್ಕಳಿಗೆ ‘ಬೀರೂರು ಅಜ್ಜಿ’. ಎಲ್ಲಿದ್ದರೂ ಅವಳಿಗೆ ಅವಳು ಇಲ್ಲದ ಊರಿನ ಹೆಸರು! ನಮ್ಮ ಕಡೆಯ ಮನೆಗಳಲ್ಲಿ ತರೀಕೆರೆ ದೊಡ್ಡಮ್ಮ, ಪಂಚನಹಳ್ಳಿ ಚಿಕ್ಕಮ್ಮ, ಅಜ್ಜಂಪುರದತ್ತೆ ಎಂದು ಕರೆದು ಕರೆದು, ಆ ಹೆಂಗಸರ ಸ್ವಂತ ಹೆಸರು ಮೊಮ್ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ವೈಕುಂಠ ಸಮಾರಾಧನೆಯ ಕಾಗದ ಅಚ್ಚಿಗೆ ಹೋಗುವಾಗ ‘ಅಜ್ಜಿಯ ಹೆಸರು ಏನು?’ ಎಂದು ಒಬ್ಬರನ್ನೊಬ್ಬರು ಕೇಳುವ ಮನೆಗಳಿವೆ. ಕರೆಯುವ ಪದ್ಧತಿಯಲ್ಲಿ ಪ್ರೀತಿಯಿದೆ, ಅನುಮಾನವಿಲ್ಲ. ಆದರೆ ಒಬ್ಬ ಹೆಣ್ಣುಮಗಳ ಹೆಸರು ಎರಡು ತಲೆಮಾರಿನೊಳಗೆ ಅಳಿಸಿಹೋಗುವುದನ್ನು ನಾನು ಸಣ್ಣ ನಷ್ಟ ಎನ್ನಲಾರೆ.

ಹೆಸರಿನಲ್ಲಿ ದೊಡ್ಡ ಊರು ಸಣ್ಣ ಊರನ್ನು ಮರೆಮಾಡುವುದೂ ಉಂಟು. ಮೈಸೂರು ಶೈಲಿಯ ಭರತನಾಟ್ಯದ ಮಹಾಗುರು ವೆಂಕಟಲಕ್ಷಮ್ಮ ಹುಟ್ಟಿದ್ದು 1906ರಲ್ಲಿ, ಕಡೂರು ತಾಲ್ಲೂಕಿನ ತಂಗಲಿ ತಾಂಡಾದ ಲಂಬಾಣಿ ಮನೆಯಲ್ಲಿ. ಮೈಸೂರಿನ ಆಸ್ಥಾನ ಕಲಾವಿದೆಯಾದರು, 1992ರಲ್ಲಿ ಪದ್ಮಭೂಷಣ ಬಂತು. ಲೋಕ ಅವರನ್ನು ಕರೆದದ್ದು ‘ಕಡೂರು ವೆಂಕಟಲಕ್ಷಮ್ಮ’ ಎಂದು. ಆ ಹೆಸರಿನಲ್ಲಿ ತಾಲ್ಲೂಕಿಗೆ ಜಾಗ ಸಿಕ್ಕಿತು, ತಾಂಡಾಕ್ಕೆ ಸಿಗಲಿಲ್ಲ.

ಗಂಡಸರ ಹೆಸರಿನಲ್ಲಿ ಊರು ಒಂದೇ ಅಕ್ಷರಕ್ಕೆ ಇಳಿಯುತ್ತದೆ. ಕಡೂರಿನ ಶಾಸಕರಾಗಿದ್ದ ವೈ.ಎಸ್.ವಿ. ದತ್ತ ಅವರ ಹೆಸರಿನ ‘ವೈ’ ಯಗಟಿಯದು. ಆ ‘ವೈ’ ಬಂದ ದಾರಿ ನೋಡಿ. ಯಗಟಿಯ ಮೊದಲ ಅಕ್ಷರ ‘ಯ’. ಅದು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಆ ಭಾಷೆಯ ಅಕ್ಷರದ ಹೆಸರನ್ನು ಹೊತ್ತು ಕನ್ನಡಕ್ಕೆ ಮರಳಿ ‘ವೈ’ ಆಯಿತು. ಕನ್ನಡದ ಅಕಾರಾದಿಯಲ್ಲಿ ಹೆಸರು ಜೋಡಿಸಿದರೆ ಯಗಟಿಯವರೆಲ್ಲ ‘ಯ’ ಬಿಟ್ಟು ‘ವ’ದ ಸಾಲಿಗೆ ಹೋಗಿ ಕೂರುತ್ತಾರೆ. ಆ ಸಾಲಿನಲ್ಲಿ ಯಳಂದೂರಿನವರು, ಯಲ್ಲಾಪುರದವರು, ಯಡಿಯೂರಿನವರು ಎಲ್ಲರೂ ಅದೇ ‘ವೈ’ ಹೊತ್ತಿರುತ್ತಾರೆ. ಅಕ್ಷರ ನೋಡಿ ಊರು ಹೇಳುವುದು ಯಾರಿಂದಲೂ ಆಗದು.

ನಮ್ಮ ಸಾಹಿತಿಗಳು ಇದಕ್ಕಿಂತ ಒಳ್ಳೆಯ ದಾರಿ ತೋರಿಸಿದ್ದರು. ಕುಪ್ಪಳಿಯ ‘ಕು’ ಇಟ್ಟುಕೊಂಡೇ ಕುವೆಂಪು. ತಳುಕಿನ ‘ತ’ ಇಟ್ಟುಕೊಂಡು ತ.ರಾ.ಸು. ಅರಕಲಗೂಡಿನ ‘ಅ’ ಅ.ನ.ಕೃ. ಅವರಲ್ಲಿದೆ, ತೀರ್ಥಪುರದ ‘ತೀ’ ತೀ.ನಂ.ಶ್ರೀ. ಅವರಲ್ಲಿದೆ. ನಮ್ಮ ಜಿಲ್ಲೆಯವರೇ ಆದ, 2024ರ ಡಿಸೆಂಬರಿನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಗೊ.ರು.ಚ. ಅವರ ‘ಗೊ’ ಗೊಂಡೇದಹಳ್ಳಿ. ಇದೇ ಅಕ್ಷರ ಇಂಗ್ಲಿಷಿನ ದಾರಿ ಹಿಡಿದಿದ್ದರೆ ‘ಜಿ’ ಆಗಿ, ಸಾವಿರಾರು ‘ಜಿ’ಗಳಲ್ಲಿ ಕಳೆದುಹೋಗುತ್ತಿತ್ತು. ‘ಗೊ’ ಎಂದರೆ ಕಿವಿ ನಿಲ್ಲುತ್ತದೆ, ಯಾವುದಪ್ಪಾ ಇದು ಎಂದು ಕೇಳುವಂತಾಗುತ್ತದೆ.

ಊರು ಮನುಷ್ಯನ ಹೆಸರಿಗೆ ಬರುವ ಇನ್ನೊಂದು ದಾರಿ ದೇವರದು. ಬಿ.ಎಸ್. ಯಡಿಯೂರಪ್ಪ ಎಂಬ ಹೆಸರಿನಲ್ಲಿ ಎರಡು ಊರುಗಳಿವೆ. ‘ಬಿ’ ಎಂದರೆ ಮಂಡ್ಯ ಜಿಲ್ಲೆಯ ಬೂಕನಕೆರೆ, ಅವರು ಹುಟ್ಟಿದ ಊರು. ಯಡಿಯೂರು ಎಂದರೆ ಕುಣಿಗಲ್ ತಾಲ್ಲೂಕಿನ ಸಿದ್ಧಲಿಂಗೇಶ್ವರರ ಕ್ಷೇತ್ರ. ಊರು ದೇವರಿಗೆ ಹೆಸರಾಗಿ, ದೇವರು ಮಗುವಿಗೆ ಹೆಸರಾದ. ಕೊಟ್ಟೂರಿನಿಂದ ಕೊಟ್ರೇಶ, ಕೊಟ್ರಪ್ಪ ಬಂದದ್ದೂ ಹೀಗೆಯೇ. ಅಜ್ಜಂಪುರದ ಕಡೆಯ ಅಂತರಘಟ್ಟೆಯ ದೇವಿ ಊರ ಹೆಸರಿನಿಂದಲೇ ಅಂತರಘಟ್ಟಮ್ಮ. ಅವಳ ಜಾತ್ರೆಗೆ ಎತ್ತಿನ ಬಂಡಿ ಕಟ್ಟಿಕೊಂಡು ಹೋಗುವವರಿಗೆ ಇದು ಊರು, ಇದು ದೇವಿ ಎಂದು ಬೇರೆ ಮಾಡಿ ಹೇಳಬೇಕಾಗಿಲ್ಲ. ಮೈಲಾರ ಎಂದರೆ ಹೂವಿನಹಡಗಲಿ ತಾಲ್ಲೂಕಿನ ಊರು, ಮೈಲಾರಲಿಂಗ ಎಂದರೆ ನಮ್ಮ ಬೀರೂರಿನಲ್ಲೂ ಕಾರ್ಣಿಕ ನುಡಿಸುವ ದೇವರು, ಮೈಲಾರ ಮಹದೇವ ಎಂದರೆ 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ ಮೋಟೆಬೆನ್ನೂರಿನ ಯುವಕ.

ಈ ದಾರಿಯಲ್ಲಿ ತಿರುಗಿ ಬಂದ ಹೆಸರೂ ಒಂದಿದೆ, ನಮ್ಮ ಪಕ್ಕದಲ್ಲೇ. ತರೀಕೆರೆ ತಾಲ್ಲೂಕಿನ ಅಮೃತಾಪುರದ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ಇಮ್ಮಡಿ ಬಲ್ಲಾಳನ ಕಾಲದ ಅಮೃತೇಶ್ವರ ದಂಡನಾಯಕ, 1196ರಲ್ಲಿ. ಕಟ್ಟಿಸಿದವನು, ದೇವರು, ಊರು ಮೂವರಿಗೂ ಅಮೃತ. ಅಲ್ಲಿನ ಶಾಸನಕ್ಕೆ ಪದ್ಯ ಬರೆದವನು ಕವಿ ಜನ್ನ. ದಂಡನಾಯಕನ ಯುದ್ಧಗಳನ್ನು ಇಂದು ಯಾರೂ ನೆನೆಯುವುದಿಲ್ಲ. ಬಸ್ಸಿನ ಕಂಡಕ್ಟರು ದಿನವೂ ಕೂಗುವುದು ಅವನ ಹೆಸರನ್ನೇ.

ಇನ್ನು ಊರಿಗೂ ಊರಿಗೂ ಹೆಸರು ಒಂದೇ ಆದಾಗಿನ ಮಾತು. ಯಗಟಿಯಿಂದ ಮುಂದೆ ಹೋದರೆ ಹೊಸದುರ್ಗ. ಅದು ಚಿತ್ರದುರ್ಗ ಜಿಲ್ಲೆಯದು. ಕಾಸರಗೋಡು ಜಿಲ್ಲೆಯಲ್ಲಿ ಇನ್ನೊಂದು ಹೊಸದುರ್ಗವಿದೆ, ಕಾಞಂಗಾಡಿನಲ್ಲಿ ಕೆಳದಿ ನಾಯಕರು ಕಟ್ಟಿಸಿದ ಕೋಟೆಯಿಂದ ಬಂದ ಹೆಸರು. ಮಲಯಾಳದ ಬಾಯಲ್ಲಿ ಅದು ಹೊಸ್ದುರ್ಗ್ ಆಗಿ ತಾಲ್ಲೂಕಿನ ಹೆಸರಾಗಿ ನಿಂತಿದೆ. ರಾಜ್ಯ ಬೇರೆಯಾಗಿ, ಆಡಳಿತದ ಭಾಷೆ ಬೇರೆಯಾಗಿ ಎಷ್ಟೋ ಕಾಲವಾದರೂ ಆ ಊರಿನ ಹೆಸರು ಕನ್ನಡದ್ದೇ. ಹಿರಿಯೂರಿಗೂ ಹೀಗೆಯೇ ಜೋಡಿಯಿದೆ, ಆದರೆ ನಮ್ಮ ಹಿರಿಯರು ಕಡೂರು ತಾಲ್ಲೂಕಿನ ಹಿರಿಯೂರನ್ನು ಚೌಳಹಿರಿಯೂರು ಎಂದು ಕರೆದು ಗೊಂದಲ ಕಳೆದರು. ಚಿಕ್ಕಮಗಳೂರಿಗೂ ಹಿರೇಮಗಳೂರಿಗೂ ‘ಚಿಕ್ಕ’, ‘ಹಿರೇ’ ಎಂಬ ಎರಡು ಮಾತು ಸಾಕಾಯಿತು. ಕಾಗದ ಪತ್ರ ಇಲ್ಲದ ಜನ ಮಾಡಿಕೊಂಡ ಏರ್ಪಾಡು ಇದು, ಇವತ್ತಿಗೂ ಕೆಲಸ ಮಾಡುತ್ತಿದೆ.

ಆ ಎಚ್ಚರ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ದೇವನೂರು ಸಾಕ್ಷಿ. ಜೈಮಿನಿ ಭಾರತದ ಕವಿ ಲಕ್ಷ್ಮೀಶ, ಸಾಮಾನ್ಯವಾಗಿ 16ನೇ ಶತಮಾನದವನೆಂದು ಹೇಳುವ ಕವಿ, ತನ್ನ ಊರನ್ನು ದೇವಪುರ ಎಂದು ಹೇಳಿಕೊಂಡ. ಕವಿಯಾದ್ದರಿಂದ ಅದೇ ಅರ್ಥದ ಬೇರೆ ಪದಗಳನ್ನೂ ಬಳಸಿದ. ಯಾವ ದೇವಪುರ? ಕಡೂರು ತಾಲ್ಲೂಕಿನ ದೇವನೂರಿನವರು ನಮ್ಮದು ಎಂದರು. ಊರಿನಲ್ಲಿ ಲಕ್ಷ್ಮೀಕಾಂತನ ಗುಡಿಯಿದೆ, ಕಾವ್ಯದ ಅಂಕಿತದಲ್ಲಿ ಲಕ್ಷ್ಮಿಯ ಒಡೆಯನಿದ್ದಾನೆ. ದೂರದ ಸುರಪುರದ ಕಡೆಯವರು, ಈಗಿನ ಯಾದಗಿರಿ ಜಿಲ್ಲೆಯವರು, ಕವಿ ನಮ್ಮ ಸೀಮೆಯವನು ಎಂದು ವಾದಿಸಿದರು. ‘ಸುರ’ ಎಂದರೂ ದೇವರೇ ತಾನೆ. ವಿದ್ವಾಂಸರು ಎರಡೂ ಪಕ್ಷದಲ್ಲಿ ಬರೆದರು. ನನ್ನ ಮನಸ್ಸು ಕಡೂರಿನ ದೇವನೂರಿನ ಕಡೆಗೇ ವಾಲುತ್ತದೆ, ಅದು ನೆರೆಯವನ ಒಲವು ಎಂದು ಓದುಗರು ತಿಳಿದುಕೊಳ್ಳಲಿ. ಆದರೆ ಕನ್ನಡನಾಡಿನ ಮನೆಮನೆಯಲ್ಲಿ ಗಮಕಿಗಳು ಹಾಡಿದ ಕಾವ್ಯದ ಕವಿ ಯಾವ ಊರಿನವನೆಂದು ಒಮ್ಮತವಿಲ್ಲದಿರುವುದಕ್ಕೆ ಹೆಸರುಗಳು ಒಂದರ ಮೇಲೊಂದು ಬಿದ್ದದ್ದೇ ಮುಖ್ಯ ಕಾರಣ.

ಇದರ ಜೊತೆಗೆ ಇನ್ನೊಂದು ದೇವನೂರು ಇದೆ, ನಂಜನಗೂಡು ತಾಲ್ಲೂಕಿನದು. ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಮಹಾದೇವ ತಮ್ಮ ಊರನ್ನು ಒಂದಕ್ಷರಕ್ಕೆ ಇಳಿಸಲಿಲ್ಲ. ‘ದೇವನೂರ ಮಹಾದೇವ’ ಎಂದು ಇಡೀ ಊರನ್ನೇ ಹೆಸರಿನ ಮುಂದೆ ನಿಲ್ಲಿಸಿದರು. ಈಗ ದೇವನೂರು ಎಂದರೆ ನಾಡಿಗೆ ಮೊದಲು ನೆನಪಾಗುವುದು ಆ ಊರು, ಲಕ್ಷ್ಮೀಶನ ಊರು ಆಮೇಲೆ. ಬರೆದು ಇಟ್ಟ ಹೆಸರಿಗೆ ಅಷ್ಟು ಬಲ.

ಊರು, ಸೀಮೆಯ ಹೆಸರು ಮನುಷ್ಯರಿಗೆ ಅಂಟುವ ಈ ಕಥೆ ಚೀನಾದಲ್ಲಿ ಇನ್ನೂ ಹಳೆಯದು, ಇನ್ನೂ ದೊಡ್ಡದು. ಸೋಂಗ್, ಚೆನ್, ಝಾವೊ ಎಂಬ ಮನೆತನದ ಹೆಸರುಗಳು ಎರಡು ಸಾವಿರ ವರ್ಷಕ್ಕೂ ಹಿಂದಿನ ಸಣ್ಣ ಸಣ್ಣ ರಾಜ್ಯಗಳ ಹೆಸರುಗಳು. ರಾಜ್ಯಗಳು ಹೋದವು, ಹೆಸರು ಜನರ ಮೇಲೆ ಉಳಿಯಿತು. ಅಲ್ಲಿನ ಗಣ್ಯರನ್ನು ಹುಟ್ಟೂರಿನಿಂದ ಕರೆಯುವ ಮರ್ಯಾದೆಯೂ ಇತ್ತು: ಸುಧಾರಕ ಕಾಂಗ್ ಯೂವೇಯ್‌ಗೆ ಅವನ ನಾನ್‌ಹಾಯ್ ಸೀಮೆಯಿಂದ ‘ಕಾಂಗ್ ನಾನ್‌ಹಾಯ್’ ಎಂದು ಹೆಸರು. ಇದು ನಮ್ಮ ಕಿವಿಗೆ ಹೊಸದೇನಲ್ಲ. ತಿರುಗುಮುರುಗಾಗಿ, ಸನ್ ಯಾತ್-ಸೆನ್ 1925ರಲ್ಲಿ ತೀರಿಕೊಂಡಾಗ ಅವರ ಹುಟ್ಟುಸೀಮೆ ಶಿಯಾಂಗ್‌ಶಾನ್‌ನ ಹೆಸರನ್ನೇ ತೆಗೆದು, ಚೀನೀಯರು ಅವರನ್ನು ಕರೆಯುತ್ತಿದ್ದ ‘ಝೊಂಗ್‌ಶಾನ್’ ಎಂಬ ಹೆಸರಿಟ್ಟರು. ಹೆಸರುಗಳು ಒಂದರ ಮೇಲೊಂದು ಬೀಳುವುದು ಅಲ್ಲೂ ಉಂಟು: ಅಕ್ಕಪಕ್ಕದ ಎರಡು ಪ್ರಾಂತ್ಯಗಳ ಹೆಸರು ಸ್ವರದ ಏರಿಳಿತದಲ್ಲಿ ಮಾತ್ರ ಬೇರೆ. ಕನ್ನಡದಲ್ಲಿ ಬರೆದರೆ ಎರಡೂ ‘ಶಾನ್‌ಶಿ’. ಹೆಸರು ಒಂದೇ ಆದ ಜಿಲ್ಲೆಗಳ ಗೊಂದಲವನ್ನು ಮಾತ್ರ ಅಲ್ಲಿನ ಸರ್ಕಾರ 1914ರಲ್ಲಿ ಆಜ್ಞೆ ಹೊರಡಿಸಿ, ಒಂದಕ್ಕೆ ಹಳೆಯ ಹೆಸರು ಬಿಟ್ಟು ಉಳಿದವಕ್ಕೆ ಬೇರೆ ಹೆಸರು ಕೊಟ್ಟು ಬಿಡಿಸಿತು. ನಮ್ಮಲ್ಲಿ ಹಾಗೆ ಆಗದಿದ್ದದ್ದೇ ಒಳ್ಳೆಯದು. ಎರಡು ಹೊಸದುರ್ಗಗಳಲ್ಲಿ ಯಾವುದರ ಹೆಸರನ್ನು ಕಿತ್ತುಕೊಳ್ಳಬೇಕಿತ್ತು?

ನಮ್ಮಲ್ಲಿ ಹೆಸರು ಬದಲಾದದ್ದು ಬೇರೆ ಬಗೆಯಲ್ಲಿ. 1947ರವರೆಗೆ ಇಡೀ ಚಿಕ್ಕಮಗಳೂರು ಜಿಲ್ಲೆಗೇ ಕಡೂರು ಜಿಲ್ಲೆ ಎಂದು ಹೆಸರು. ಬಿ.ಎಲ್. ರೈಸ್ 1901ರಲ್ಲಿ ಹೊರತಂದ ಶಾಸನ ಸಂಪುಟ ಕಡೂರು ಜಿಲ್ಲೆಯದು, ಶೃಂಗೇರಿಯ ಶಾಸನಗಳೂ ಅದರಲ್ಲೇ ಇವೆ. ಅಜ್ಜನ ಹಳೆಯ ಕಾಗದದಲ್ಲಿ ‘ಕಡೂರು’ ಎಂದು ಕಂಡರೆ ಅವರು ಕೊಪ್ಪದವರೂ ಆಗಿರಬಹುದು, ಯಗಟಿಯವರೂ ಆಗಿರಬಹುದು. ಈಚೆಗೆ ಅಜ್ಜಂಪುರವೂ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾಗಿದೆ. ಇನ್ನು ಐವತ್ತು ವರ್ಷ ಕಳೆದ ಮೇಲೆ ‘ತರೀಕೆರೆ ತಾಲ್ಲೂಕು’ ಎಂಬ ಹಳೆಯ ಬರಹ ಓದುವವರಿಗೂ ಇದೇ ತೊಡಕು ಬರುತ್ತದೆ.

ಈ ತಲೆಮಾರಿನಲ್ಲಿ ಇನ್ನೊಂದು ತಿರುವು ಬಂದಿದೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಆಗ ಹುಡುಗ ಮನೆಗೆ ಫೋನು ಮಾಡಿ ತನ್ನ ಹೆಸರಿನ ಮೊದಲ ಅಕ್ಷರ ಯಾವುದೆಂದು ಕೇಳುತ್ತಾನೆ. ಊರ ಹೆಸರು ಸರ್‌ನೇಮಿನ ಜಾಗಕ್ಕೆ ಹೋಗುತ್ತದೆ. ಅಮೆರಿಕದ ಶಾಲೆಯಲ್ಲಿ ಹಾಜರಿ ಕರೆಯುವಾಗ ಅವನ ಮಗಳಿಗೆ ಊರೇ ಮನೆತನದ ಹೆಸರಾಗುತ್ತದೆ. ಕೆಲವರು ಇದನ್ನು ತಮಾಷೆಯಾಗಿ ಹೇಳುತ್ತಾರೆ, ನನಗೆ ಇದು ಸಂತೋಷದ ವಿಷಯ. ಒಂದಕ್ಷರಕ್ಕೆ ಇಳಿದಿದ್ದ ಹಳ್ಳಿ ಅಲ್ಲಿ ಮತ್ತೆ ಪೂರ್ತಿ ಹೆಸರಾಗಿ ಎದ್ದು ನಿಲ್ಲುತ್ತದೆ. ಆ ಮಗುವಿಗೆ ಅದು ಕಡೂರಿನಾಚೆಯ ಒಂದು ಊರು, ಅಲ್ಲಿ ನಿನ್ನ ಮುತ್ತಜ್ಜನ ಹೊಲವಿತ್ತು ಎಂದು ಹೇಳುವವರು ಮಾತ್ರ ಬೇಕು.

ಆದ್ದರಿಂದ ಓದುಗರಲ್ಲಿ ಒಂದು ಬಿನ್ನಹ. ಮದುವೆಯ ಕಾಗದ, ವಂಶಾವಳಿ, ಪುಸ್ತಕದ ಲೇಖಕ ಪರಿಚಯ, ಸಮಾಧಿಯ ಕಲ್ಲು, ಎಲ್ಲಿ ಹೆಸರು ಬರೆಸಿದರೂ ಒಮ್ಮೆಯಾದರೂ ಊರನ್ನು ಬಿಡಿಸಿ ಬರೆಸಿ, ತಾಲ್ಲೂಕನ್ನೂ ಸೇರಿಸಿ. ಮನೆಯಲ್ಲಿ ಯಗಟಿ ಅಜ್ಜಿಯೋ ಬೀರೂರು ದೊಡ್ಡಮ್ಮನೋ ಇದ್ದರೆ, ಅವರ ಸ್ವಂತ ಹೆಸರನ್ನೂ ಅವರ ತವರಿನ ಹೆಸರನ್ನೂ ಅವರ ಬಾಯಿಂದಲೇ ಕೇಳಿ, ಈ ವಾರವೇ ಬರೆದಿಡಿ.