ಆನ್‌ಲೈನ್ ಆಟ: ಸಂಪರ್ಕ ಕಡಿತಕ್ಕೆ ಪರಿಹಾರ

ಗದಗ: ಬೆಂಗಳೂರಿರಲಿ, ಗದಗ ತಾಲ್ಲೂಕಿನ ಸೊರಟೂರವಿರಲಿ, ಆನ್‌ಲೈನ್ ಆಟದ ನಡುವೆ ಸಂಪರ್ಕ ಕಡಿದರೆ ದೋಷ ಸರ್ವರ್, ಜಾಲ, ಮೊಬೈಲ್ ಈ ಮೂರರಲ್ಲೊಂದರಲ್ಲಿ ಇರುತ್ತದೆ.

ಮೊದಲು ಇತರ ತಾಣಗಳು ತೆರೆಯುತ್ತವೆಯೇ ನೋಡಬೇಕು. ತೆರೆದರೆ ಸರ್ವರ್ ನಿರ್ವಹಣೆಯ ಅಧಿಕೃತ ಪ್ರಕಟಣೆ ಇದೆಯೇ ಪರಿಶೀಲಿಸಬೇಕು. ಇದ್ದರೆ ಕಾಯುವುದೊಂದೇ ದಾರಿ. ಪಬ್‌ಜಿ ಮೊಬೈಲ್ 2020ರ ಅಕ್ಟೋಬರ್ 30ರಂದು ಭಾರತದಲ್ಲಿ ಸೇವೆ ನಿಲ್ಲಿಸಿದಾಗ ಮನೆಯಲ್ಲಿನ ಯಾವ ದುರಸ್ತಿಯೂ ಫಲಿಸುವಂತಿರಲಿಲ್ಲ.

ಪ್ರಕಟಣೆ ಇಲ್ಲದಿದ್ದರೆ ವೈಫೈ ಬಿಟ್ಟು ಮೊಬೈಲ್ ಡಾಟಾದಲ್ಲಿ ಆಡಿ ನೋಡಬೇಕು. ಸರಿಹೋದರೆ ರೌಟರ್ ಆರಿಸಿ, ಅರ್ಧ ನಿಮಿಷದ ಬಳಿಕ ಪುನಃ ಚಾಲೂ ಮಾಡಬೇಕು. ಪಿಂಗ್ 100 ಮಿಲಿಸೆಕೆಂಡ್ ಮೀರಿ ಏರಿಳಿಯುತ್ತಿದ್ದರೆ ಹಿನ್ನೆಲೆಯ ಡೌನ್‌ಲೋಡ್ ಹಾಗೂ ವಿಪಿಎನ್ ನಿಲ್ಲಿಸುವುದು ಒಳಿತು.

ಆಟವನ್ನು ಅಳಿಸಿ ಮರಳಿ ಹಾಕುವುದು ಕೊನೆಯ ಉಪಾಯ. ಗೆಸ್ಟ್ ಖಾತೆಯವರು ಅದಕ್ಕೂ ಮುನ್ನ ಖಾತೆಯನ್ನು ಇಮೇಲ್ ಮೊದಲಾದವುಗಳಿಗೆ ಜೋಡಿಸದಿದ್ದರೆ ಈವರೆಗಿನ ಗಳಿಕೆಯೆಲ್ಲ ಕೈತಪ್ಪಬಹುದು.