ಡಯಾಬ್ಲೊ 2
ಅಮೆರಿಕದ ಬ್ಲಿಝರ್ಡ್ ನಾರ್ತ್ ತಂಡ ರೂಪಿಸಿ, 2000ದ ಜೂನ್‌ನಲ್ಲಿ ಬಿಡುಗಡೆಯಾದ ಕಂಪ್ಯೂಟರ್ ಆಟ; ‘ಡಯಾಬ್ಲೊ’ದ ಮುಂದುವರಿದ ಭಾಗ. ಮೊದಲಿಗೆ ಐದು ಬಗೆಯ ವೀರರಿದ್ದರು; 2001ರ ‘ಲಾರ್ಡ್ ಆಫ್ ಡಿಸ್ಟ್ರಕ್ಷನ್’ ವಿಸ್ತರಣೆ ಡ್ರುಯಿಡ್, ಅಸಾಸಿನ್ ಎಂಬ ಇಬ್ಬರನ್ನು ಸೇರಿಸಿತು. ಆಟ ಇಂದಿಗೂ ಹಳಸದಿರುವುದಕ್ಕೆ ಮುಖ್ಯ ಕಾರಣ ಅದರ ಅನಿಶ್ಚಿತತೆ. ಅಂತರ್ಜಾಲದಲ್ಲಿ ಹೊಸ ಆಟ ತೆರೆದಾಗಲೆಲ್ಲ ಗುಹೆ, ಬಯಲುಗಳ ನಕ್ಷೆ ಬದಲಾಗುತ್ತದೆ. ಸತ್ತ ರಾಕ್ಷಸನಿಂದ ಏನು ಉದುರೀತೆಂದು ಊಹಿಸಲಾಗದು. ವಿಸ್ತರಣೆಯ ರೂನ್ ಕಲ್ಲುಗಳಂತೂ ಅದ್ಭುತ ಕಲ್ಪನೆ: ತಕ್ಕ ಆಯುಧದ ಕುಳಿಗಳಲ್ಲಿ ಸರಿಯಾದ ಕ್ರಮದಲ್ಲಿ ಕೂರಿಸಿದರೆ, ಯಾರೂ ತಿರುಗಿ ನೋಡದ ಕತ್ತಿಯೂ ಅಪೂರ್ವ ಅಸ್ತ್ರವಾಗುತ್ತದೆ. ಮ್ಯಾಟ್ ಯೂಲ್ಮೆನ್ ಸಂಗೀತದ ಗಿಟಾರ್ ನಾದ ಕಿವಿಯಲ್ಲಿ ಉಳಿಯುವಂಥದ್ದು. 2021ರ ‘ರಿಸರೆಕ್ಟೆಡ್’ ಆವೃತ್ತಿ ಚಿತ್ರಗಳನ್ನು ಹೊಸದಾಗಿಸಿದರೂ, ಒಂದು ಕೀಲಿ ಒತ್ತಿದರೆ ಹಳೆಯ ರೂಪವೇ ಪರದೆಗೆ ಮರಳುತ್ತದೆ.